ನೆತ್ತಿಯ ಬಿಸಿಲು, ಚರ್ಮದ ಕಾವಲು

ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೇರ ಬಂದು ನಿಲ್ಲುತ್ತಾನೆ. ಊರು ಭೂಮಧ್ಯರೇಖೆಯಿಂದ ಸುಮಾರು 15 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಏಪ್ರಿಲ್ ಕೊನೆ ಇಲ್ಲವೇ ಮೇ ಮೊದಲಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ, ನಡುಮಧ್ಯಾಹ್ನ ನಿಂತವರ ನೆರಳು ಕಾಲಡಿಗೆ ಸೇರಿಬಿಡುತ್ತದೆ. ಮೊದಲನೆಯದನ್ನು ಸವಣೂರು ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ಆಗ ಮೇಲೆ ಮೋಡ, ಕೆಳಗೆ ತಂಪು ಗಾಳಿ, ಹತ್ತಿ ಮತ್ತು ಗೋವಿನಜೋಳದ ಸಾಲುಗಳಲ್ಲಿ ಕಸ ತೆಗೆಯುವ ಹೆಣ್ಣಾಳುಗಳು. "ಇವತ್ತ ಬಿಸಲ ಇಲ್ಲ, ತಂಪ ಐತಿ" ಎಂದು ಸೆರಗು ಇಳಿಬಿಟ್ಟು ದಿನವಿಡೀ ಬಗ್ಗಿ ದುಡಿಯುವ ಕಾಲ ಅದು. ಕಾವು ಇಲ್ಲ ಎಂಬುದು ನಿಜ. ಆದರೆ ತೆಳು ಮೋಡವನ್ನು ನೇರಳಾತೀತ ಕಿರಣಗಳು ಐದರಲ್ಲಿ ನಾಲ್ಕು ಪಾಲಿನವರೆಗೂ ದಾಟಿ ಬರಬಲ್ಲವು.

ನಮ್ಮ ಕಡೆ ಬಿಸಿಲಿನಿಂದಾಗುವ ತೊಂದರೆಗಳನ್ನೆಲ್ಲ ಉಷ್ಣದ ಲೆಕ್ಕಕ್ಕೆ ಹಾಕುವುದು ರೂಢಿ. ತುಟಿಯ ಮೇಲೆ ಗುಳ್ಳೆ ಎದ್ದರೆ ಉಷ್ಣ, ಕುತ್ತಿಗೆ ತುರಿಸಿದರೆ ಉಷ್ಣ, ಮುಖ ಕೆಂಪಗಾದರೆ ಉಷ್ಣ. ಮದ್ದು ಮಜ್ಜಿಗೆ, ಅಂಬಲಿ, ತಲೆಗೆ ಎಣ್ಣೆ. ಬಸವಳಿದ ದೇಹಕ್ಕೆ ಮಜ್ಜಿಗೆ ಒಳ್ಳೆಯದೇ. ಆದರೆ ಬಿಸಿಲಿನಲ್ಲಿ ಕಾವು ತರುವುದು ಕಣ್ಣಿಗೆ ಕಾಣುವ ಬೆಳಕು ಮತ್ತು ಅದರಾಚೆಯ ಅವಕೆಂಪು ಕಿರಣ. ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಮೈಗೆ ಬಿಸಿ ಮುಟ್ಟಿಸದು. ಅದು ಮೈಮೇಲೆ ಬಿದ್ದದ್ದು ಬಿದ್ದ ಹೊತ್ತಿಗೆ ತಿಳಿಯುವುದೇ ಇಲ್ಲ. ಹಾಗೆ ಸದ್ದಿಲ್ಲದೆ ಬರುವ ಕಿರಣ ಚರ್ಮದೊಳಗೆ ಇಳಿದು ನಮ್ಮ ರೋಗನಿರೋಧಕ ವ್ಯವಸ್ಥೆಯನ್ನೇ ಬೇರೆ ದಾರಿಗೆ ತಿರುಗಿಸುತ್ತದೆ ಎಂಬುದು ಕಳೆದ ಐವತ್ತು ವರ್ಷಗಳಲ್ಲಿ ಖಚಿತವಾಗಿರುವ ಸಂಗತಿ. ಇದನ್ನು ಮೊದಲು ತಿಳಿಯಬೇಕಾದವರು ಹೊಲದಲ್ಲಿ ದುಡಿಯುವವರು. ಅವರ ಕಿವಿಗೇ ಇದು ಕೊನೆಗೆ ಮುಟ್ಟುತ್ತಿದೆ.

ನೇರಳಾತೀತ ಕಿರಣಗಳನ್ನು ಎ, ಬಿ, ಸಿ ಎಂದು ಮೂರಾಗಿ ವಿಂಗಡಿಸುತ್ತಾರೆ. ಸಿ ಕಿರಣವನ್ನು ಓಝೋನ್ ಪದರ ಪೂರ್ತಿ ತಡೆಯುತ್ತದೆ, ಅದರ ಮಾತು ಇಲ್ಲಿ ಬೇಡ. ಬಿ ಕಿರಣದ ತರಂಗಾಂತರ 280ರಿಂದ 315 ನ್ಯಾನೊಮೀಟರ್. ಇದು ಬಹುಪಾಲು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಸೂರ್ಯ ಮೇಲೇರಿದಂತೆ ಇದರ ಪ್ರಮಾಣ ಏರುತ್ತದೆ, ಬೆಳಗ್ಗೆ ಸಂಜೆ ತೀರ ಕಡಿಮೆ. ಎ ಕಿರಣ 315ರಿಂದ 400ರವರೆಗಿನದು. ನೆಲ ಮುಟ್ಟುವ ನೇರಳಾತೀತದಲ್ಲಿ ನೂರಕ್ಕೆ ಸುಮಾರು 95 ಪಾಲು ಇದೇ. ಇದು ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ, ಬಸ್ಸಿನ ಕಿಟಕಿಯ ಗಾಜನ್ನೂ ದಾಟುತ್ತದೆ. ಅಳೆಯಲು ಉಪಕರಣ ಬೇಕಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ತಿಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ನೇರಳಾತೀತ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 11 ಮುಟ್ಟಿದರೆ ವಿಪರೀತ ಎಂದರ್ಥ. ದಕ್ಷಿಣ ಭಾರತದ ಬೇಸಿಗೆ ಮಧ್ಯಾಹ್ನಗಳಲ್ಲಿ 11 ದಾಟುವುದು ಮಾಮೂಲು.

ಚರ್ಮವೆಂದರೆ ಮೈಗೆ ಹೊದಿಸಿದ ಬರಿಯ ಹೊದಿಕೆ ಎಂದು ಬಹಳ ಕಾಲ ವೈದ್ಯರೂ ನಂಬಿದ್ದರು. 1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ಚರ್ಮದ ಮೇಲ್ಪದರದಲ್ಲಿ ಕೈಕಾಲು ಚಾಚಿಕೊಂಡಂತಿರುವ ಕೋಶಗಳನ್ನು ಕಂಡ, ನರಕ್ಕೆ ಸಂಬಂಧಿಸಿದ್ದಿರಬೇಕು ಎಂದುಕೊಂಡ. ಅವು ನರಗಳಲ್ಲ, ಕಾವಲು ಕೋಶಗಳು ಎಂದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಹೊಲದ ಮಂಚಿಕೆಯ ಮೇಲೆ ಕೂತ ಕಾವಲುಗಾರನಂತೆ ಅವು ಚರ್ಮದೊಳಗೆ ಕೂತಿರುತ್ತವೆ. ಹೊರಗಿನಿಂದ ಸೂಕ್ಷ್ಮಜೀವಿಯೋ ವಿಷದ ಕಣವೋ ನುಗ್ಗಿದರೆ ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಆಮೇಲಿನ ಹೋರಾಟ ಟಿ ಕೋಶಗಳದು. ಬಿ ಕಿರಣ ಬಿದ್ದ ಚರ್ಮದಲ್ಲಿ ಈ ಕಾವಲು ಕೋಶಗಳು ಕಡಿಮೆಯಾಗುತ್ತವೆ. ಉಳಿದವೂ ಮೊದಲಿನ ಚುರುಕಿನಲ್ಲಿ ಇರುವುದಿಲ್ಲ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಕ್ರಿಪ್ಕಿ. 1970ರ ದಶಕದಲ್ಲಿ ಅವರು ಇಲಿಗಳ ಮೇಲೆ ನೇರಳಾತೀತ ದೀಪ ಹಾಯಿಸಿ ಹುಟ್ಟಿದ ಚರ್ಮದ ಗಡ್ಡೆಯನ್ನು ತೆಗೆದು, ಅದೇ ತಳಿಯ ಬೇರೆ ಇಲಿಗಳಿಗೆ ನೆಟ್ಟರು. ಆರೋಗ್ಯವಂತ ಇಲಿಗಳ ದೇಹ ಆ ಗಡ್ಡೆಯನ್ನು ಪರಕೀಯವೆಂದು ಗುರುತಿಸಿ ನಾಶಮಾಡಿತು. ಹಾಗಿದ್ದರೆ ಮೊದಲ ಇಲಿಯಲ್ಲಿ ಅದು ಬೆಳೆದದ್ದಾದರೂ ಹೇಗೆ? ಕೆಲವು ವಾರ ಮಾತ್ರ ಕಿರಣ ಉಂಡು, ಇನ್ನೂ ಗಡ್ಡೆಯೇ ಹುಟ್ಟದ ಇಲಿಗಳಿಗೆ ಅದನ್ನು ನೆಟ್ಟಾಗ ಉತ್ತರ ಸಿಕ್ಕಿತು. ಅವುಗಳ ದೇಹ ಗಡ್ಡೆಯನ್ನು ತಡೆಯಲಿಲ್ಲ, ಬೆಳೆಯಲು ಬಿಟ್ಟಿತು. ಆ ಇಲಿಗಳ ಟಿ ಕೋಶಗಳನ್ನು ಬೇರೆ ಇಲಿಗೆ ಸೇರಿಸಿದರೆ ಅದೂ ಗಡ್ಡೆಗೆ ಮಣಿಯಿತು. ಅಂದರೆ ಕಿರಣ ಎರಡು ಕೆಲಸ ಮಾಡಿತ್ತು. ಕೋಶದ ಡಿಎನ್‌ಎ ಕೆಡಿಸಿ ಕ್ಯಾನ್ಸರಿಗೆ ಬೀಜ ಹಾಕಿತ್ತು, ಆ ಬೀಜವನ್ನು ಕಿತ್ತು ಹಾಕಬೇಕಾದ ಕೈಯನ್ನೂ ಕಟ್ಟಿತ್ತು.

ಬೆಳಕು ಬಿದ್ದ ಸುದ್ದಿ ರೋಗನಿರೋಧಕ ವ್ಯವಸ್ಥೆಗೆ ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ 1983ರಲ್ಲಿ ಡಿ ಫಾಬೊ ಮತ್ತು ನೂನನ್ ಎಂಬ ವಿಜ್ಞಾನಿಗಳು ಒಂದು ಉತ್ತರ ಕೊಟ್ಟರು. ಚರ್ಮದ ತೀರ ಮೇಲಿನ ಪದರದಲ್ಲಿ ಯುರೊಕ್ಯಾನಿಕ್ ಆಮ್ಲವೆಂಬ ವಸ್ತು ಇದೆ. ಕಿರಣ ಬಿದ್ದೊಡನೆ ಅದರ ಅಣುವಿನ ಆಕಾರ ಮಡಚಿ ಬೇರೆಯಾಗುತ್ತದೆ, ಆ ಹೊಸ ಆಕಾರವೇ ನಿರೋಧಕತೆಯನ್ನು ತಗ್ಗಿಸುವ ಸಂದೇಶವಾಗುತ್ತದೆ. ಹಾನಿಗೊಂಡ ಡಿಎನ್‌ಎ ಕೂಡ ಇಂಥದೇ ಸಂದೇಶ ಕಳಿಸುತ್ತದೆ. ಇವುಗಳ ಬೆನ್ನಿಗೆ ಚರ್ಮದ ಕೋಶಗಳು ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತವೆ, 'ಸುಮ್ಮನಿರಿ' ಎಂದು ಇತರ ಕೋಶಗಳಿಗೆ ಹೇಳುವ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ. ಇದಕ್ಕೆಲ್ಲ ಚರ್ಮ ಸುಡಬೇಕಾಗಿಲ್ಲ, ಕೆಂಪಾಗಬೇಕಾಗಿಲ್ಲ. ಅದಕ್ಕಿಂತ ಕಡಿಮೆ ಪ್ರಮಾಣದ ಕಿರಣವೇ ಸಾಕು.

ಪ್ರಕೃತಿ ಇಂಥ ಏರ್ಪಾಟು ಮಾಡಿದ್ದೇಕೆ? ಇದರಲ್ಲಿ ಒಂದು ವಿವೇಕ ಇದೆ ಎಂದೇ ನನ್ನ ನಂಬಿಕೆ. ಬಿಸಿಲು ಬಿದ್ದ ಪ್ರತಿ ಸಲ ಚರ್ಮದಲ್ಲಿ ಒಂದಷ್ಟು ಕೋಶಗಳು ಕೆಡುತ್ತವೆ, ಅವುಗಳ ಒಳಗಿನ ವಸ್ತುಗಳು ರೂಪ ಬದಲಿಸಿ ಹೊಸದಾಗಿ ಕಾಣುತ್ತವೆ. ರೋಗನಿರೋಧಕ ವ್ಯವಸ್ಥೆ ಅವನ್ನೆಲ್ಲ ಶತ್ರುವೆಂದು ಬಗೆದು ಮೇಲೆ ಬಿದ್ದರೆ ಮನುಷ್ಯ ಹಗಲು ಹೊರಗೆ ಕಾಲಿಡುವಂತಿಲ್ಲ. ಬೇಸಿಗೆಯ ಮೊದಲ ಬಿಸಿಲಿಗೆ ಮುಂಗೈ, ಕುತ್ತಿಗೆಯ ಹಿಂಬದಿಯಲ್ಲಿ ತುರಿಸುವ ಸಣ್ಣ ಗುಳ್ಳೆ ಏಳುವ ಒಂದು ತೊಂದರೆ ನಮ್ಮ ನಾಡಿನಲ್ಲಿ ಸಾಕಷ್ಟು ಜನರಿಗಿದೆ. ಬೇರೆಯವರಲ್ಲಿ ಬಿಸಿಲಿಗೆ ತಣ್ಣಗಾಗುವ ನಿರೋಧಕತೆ ಇವರಲ್ಲಿ ತಣ್ಣಗಾಗುವುದಿಲ್ಲ ಎಂಬುದೇ ಅದಕ್ಕೆ ತಜ್ಞರು ಕೊಡುವ ವಿವರಣೆ. ಬೆವರುಸಾಲೆ ಎಂದು ಪೌಡರ್ ಹಾಕಿ ಸುಮ್ಮನಾಗುವವರೇ ಹೆಚ್ಚು.

ತುಟಿಯಂಚಿನ ಗುಳ್ಳೆಯ ಕಥೆ ಇನ್ನೂ ಸ್ಪಷ್ಟವಾಗಿದೆ. ಅದು ಹರ್ಪಿಸ್ ವೈರಸ್ಸಿನದು. ಚಿಕ್ಕಂದಿನಲ್ಲಿ ಎಂದೋ ಮೈಹೊಕ್ಕ ಅದು ಮುಖದ ನರದ ಬುಡದಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಬಿಸಿಲಿನ ಹೊಡೆತಕ್ಕೆ ಅದು ಎಚ್ಚರಗೊಂಡು ತುಟಿಗೆ ಇಳಿಯುತ್ತದೆ, ತಡೆಯಬೇಕಾದ ಕಾವಲು ಆ ಹೊತ್ತಿಗೆ ಸಡಿಲವಾಗಿರುತ್ತದೆ. 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಗುಳ್ಳೆ ಮತ್ತೆ ಮತ್ತೆ ಬರುತ್ತಿದ್ದ 38 ಜನರ ತುಟಿಗೆ ನೇರಳಾತೀತ ಬೆಳಕು ಹಾಯಿಸಿದರು. ಮದ್ದಿಲ್ಲದ ಬರಿಯ ಮುಲಾಮು ಹಚ್ಚಿದ್ದಾಗ 27 ಜನರಿಗೆ ಗುಳ್ಳೆ ಎದ್ದಿತು. ಕಿರಣ ತಡೆಯುವ ಮುಲಾಮು ಹಚ್ಚಿದ್ದಾಗ ಒಬ್ಬರಿಗೂ ಏಳಲಿಲ್ಲ. ಹೊಲಕ್ಕೆ ಹೋಗುವ ಹೆಣ್ಣುಮಗಳು ಸೆರಗನ್ನು ಮೂಗಿನವರೆಗೆ ಸುತ್ತಿಕೊಂಡರೂ ಇದೇ ರಕ್ಷಣೆಯ ದೊಡ್ಡ ಪಾಲು ಸಿಗುತ್ತದೆ.

ಬಿಸಿಲು ಮತ್ತು ನಿರೋಧಕತೆ ನಮ್ಮ ನೆಲದಲ್ಲೇ ಮುಖಾಮುಖಿಯಾಗುವ ಜಾಗ ಒಂದಿದೆ. ಅದು ಕಾಂಗ್ರೆಸ್ ಕಸ, ಪಾರ್ಥೇನಿಯಂ. 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಕೆಲವೇ ವರ್ಷಗಳಲ್ಲಿ ಕರ್ನಾಟಕದ ಬದು, ರಸ್ತೆಬದಿ, ಬಯಲುಗಳನ್ನೆಲ್ಲ ತುಂಬಿಕೊಂಡಿತು. ಹಾವೇರಿ ಜಿಲ್ಲೆಯಲ್ಲಿ ಇದು ಕಾಣದ ಓಣಿ ಇಲ್ಲ. ಇದರ ಎಲೆ, ಹೂವು, ಕಾಂಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತು ಇದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕೂರುತ್ತದೆ. ಎಲ್ಲರಿಗೂ ಇದು ಒಗ್ಗದೆ ಹೋಗುವುದಿಲ್ಲ. ಕೆಲವರ ಟಿ ಕೋಶಗಳು ಮಾತ್ರ ಅದನ್ನು ಶತ್ರುವೆಂದು ನೆನಪಿಟ್ಟುಕೊಳ್ಳುತ್ತವೆ. ಒಮ್ಮೆ ನೆನಪಿಟ್ಟರೆ ಮುಂದೆ ಸೋಂಕಿದಾಗಲೆಲ್ಲ ಚರ್ಮ ಕೆರೆದು, ಒಸರಿ, ಆನೆಯ ತೊಗಲಿನಷ್ಟು ದಪ್ಪಗಾಗುತ್ತದೆ. ವರ್ಷಗಳು ಕಳೆದಂತೆ ಅನೇಕರಲ್ಲಿ ಈ ರೋಗ ಚಹರೆ ಬದಲಿಸುತ್ತದೆ. ಮಡಿಕೆಗಳನ್ನು ಬಿಟ್ಟು ಹಣೆ, ಕೆನ್ನೆ, ಕಿವಿ, ಕುತ್ತಿಗೆಯ ಹಿಂಬದಿ, ಮುಂಗೈ ಹೀಗೆ ಬಿಸಿಲು ಬೀಳುವ ಜಾಗಗಳನ್ನೇ ಹಿಡಿಯುತ್ತದೆ. ಆ ಹಂತದಲ್ಲಿ ಗಿಡದ ಸೋಂಕಿನ ಜೊತೆಗೆ ಬಿಸಿಲೂ ಶತ್ರುವಾಗುತ್ತದೆ.

ಇಲ್ಲಿ ಒಂದು ಒಗಟು ಇದೆ. ಬಿಸಿಲು ನಿರೋಧಕತೆಯನ್ನು ತಗ್ಗಿಸುವುದಾದರೆ ಇಂಥ ಅಲರ್ಜಿ ಕಡಿಮೆಯಾಗಬೇಕಿತ್ತು. ಪ್ರಯೋಗಶಾಲೆಯ ಇಲಿಗಳಲ್ಲಿ ಕಿರಣ ಹಾಯಿಸಿದರೆ ಚರ್ಮದ ಅಲರ್ಜಿ ತಗ್ಗುವುದೂ ಹೌದು. ಆದರೆ ಈ ರೋಗಿಗಳಲ್ಲಿ ಆಗುವುದು ಅದರ ತಿರುವು ಮುರುವು. ದೀರ್ಘಕಾಲದ ಉರಿಯೂತದಲ್ಲಿ ಬೆಂದ ಚರ್ಮ ಬಿಸಿಲಿಗೆ ಮಣಿಯುವ ಗುಣವನ್ನೇ ಕಳೆದುಕೊಂಡಿರಬೇಕು, ಕಿರಣದಿಂದ ರೂಪ ಬದಲಿಸಿದ ತನ್ನದೇ ವಸ್ತುಗಳ ಮೇಲೆ ಅದು ತಿರುಗಿ ಬೀಳುತ್ತಿರಬೇಕು ಎಂಬುದು ತಜ್ಞರ ತರ್ಕ. ರೋಗಿಗೆ ತರ್ಕ ಬೇಕಿಲ್ಲ, ಅವನಿಗೆ ಬೇಕಾದದ್ದು ನಿದ್ದೆ. ಇದು ಹೆಚ್ಚಾಗಿ ನಡುವಯಸ್ಸು ದಾಟಿದ ರೈತರಿಗೆ ಬರುವ ರೋಗ. ಹೊಲಕ್ಕೆ ಹೋದರೆ ಮೈ ಹತ್ತಿ ಉರಿಯುತ್ತದೆ, ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಸಿಕ್ಕ ಸ್ಟಿರಾಯ್ಡ್ ಮುಲಾಮು, ಗುಳಿಗೆಗಳನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿ ಸಕ್ಕರೆ ಕಾಯಿಲೆ, ಮೂಳೆ ಸವೆತ ತಂದುಕೊಳ್ಳುವುದೂ ಉಂಟು. ಚರ್ಮವೈದ್ಯರು ಪ್ಯಾಚ್ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು, ಅಜಾಥಿಯೊಪ್ರಿನ್‌ನಂಥ ಔಷಧವನ್ನು ರಕ್ತ ತಪಾಸಣೆಯ ನಿಗಾದಲ್ಲಿ ಕೊಡಬಲ್ಲರು. ಹುಬ್ಬಳ್ಳಿ ದೂರವೇನಲ್ಲ, ಹೋಗಿ ತೋರಿಸಿ.

ಕಳೆಯ ಮೇಲಿನ ಯುದ್ಧವೂ ಕರ್ನಾಟಕದ್ದೇ. ಮೆಕ್ಸಿಕೊದಿಂದ ತಂದ ಎಲೆ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ಈಗ ಎಲ್ಲೆಡೆ ಹಬ್ಬಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ಭತ್ತದ ತಳಿಗಳಿಂದ ಹೆಸರಾದ ಎಂ. ಮಹದೇವಪ್ಪನವರು ತಗಚೆ ಜಾತಿಯ ಕ್ಯಾಸಿಯಾ ಸೆರಿಸಿಯಾ ಗಿಡ ಬೆಳೆಸಿ ಪಾರ್ಥೇನಿಯಂ ಹತ್ತಿಕ್ಕಬಹುದೆಂದು ಪ್ರಚಾರ ಮಾಡಿದರು. ಎರಡರಿಂದಲೂ ಸ್ವಲ್ಪ ಉಪಯೋಗವಾಗಿದೆ, ಕಳೆ ಮಾತ್ರ ಸೋತಿಲ್ಲ. ಹೂ ಬಿಡುವ ಮುನ್ನ, ನೆಲ ಹಸಿ ಇದ್ದಾಗ, ಕೈಗವಸು ತೊಟ್ಟು ಬೇರುಸಮೇತ ಕೀಳುವುದೇ ಇಂದಿಗೂ ಒಳ್ಳೆಯ ದಾರಿ. ಮೈ ತುರಿಸುವವರು ಆ ಕೆಲಸಕ್ಕೆ ಹೋಗಬಾರದು.

ಬಿಸಿಲು ಕೆರಳಿಸುವ ಇನ್ನೊಂದು ರೋಗ ಲೂಪಸ್. ಹೆಣ್ಣುಮಕ್ಕಳಲ್ಲೇ, ಅದೂ ಹೆರುವ ವಯಸ್ಸಿನವರಲ್ಲಿ ಹೆಚ್ಚು. ಕಿರಣಕ್ಕೆ ಸತ್ತ ಚರ್ಮಕೋಶಗಳ ಒಡಲಿನ ವಸ್ತುಗಳು ಹೊರಬಿದ್ದು, ಅವುಗಳ ವಿರುದ್ಧ ದೇಹ ಪ್ರತಿಕಾಯ ತಯಾರಿಸಿ, ಮೂಗಿನ ಎರಡೂ ಬದಿಯ ಕೆನ್ನೆ ಕೆಂಪಾಗುವುದರಿಂದ ಮೊದಲುಗೊಂಡು ಕೀಲು, ಮೂತ್ರಪಿಂಡದವರೆಗೆ ಅದು ಹೋಗಬಲ್ಲದು. ಬಿಸಿಲಿಗೆ ಹೋಗಿ ಬಂದ ಮೇಲೆ ಮುಖದ ಕೆಂಪು, ಕೀಲುನೋವು, ಜ್ವರ, ಬಾಯಿಹುಣ್ಣು ಒಟ್ಟಿಗೆ ಬಂದರೆ ಉಷ್ಣವೆಂದು ಕೂರಬೇಡಿ. ಮೊಡವೆಗೋ ಜ್ವರಕ್ಕೋ ಡಾಕ್ಸಿಸೈಕ್ಲಿನ್ ನುಂಗುತ್ತಿರುವವರ ಚರ್ಮಕ್ಕೂ ಬಿಸಿಲು ಬೇಗ ಹತ್ತುತ್ತದೆ. ಇನ್ನು ಮೂತ್ರಪಿಂಡ ಕಸಿ ಮಾಡಿಸಿಕೊಂಡು ನಿರೋಧಕತೆ ತಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಚರ್ಮದ ಕ್ಯಾನ್ಸರ್ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಅವರು ಟೋಪಿ, ತುಂಬುತೋಳು ಬಿಡಲೇಬಾರದು.

ಇಷ್ಟು ಓದಿದವರು ಬಿಸಿಲೆಂದರೆ ಹೆದರಬೇಕೆ ಎಂದು ಕೇಳಬಹುದು. ಬೇಡ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಬೆಳಕಿನಿಂದ ಚರ್ಮದ ಕ್ಷಯ ವಾಸಿಮಾಡಿ 1903ರಲ್ಲಿ ನೊಬೆಲ್ ಪಡೆದ. ಬಿ ಕಿರಣ ಇಲ್ಲದೆ ಚರ್ಮದಲ್ಲಿ ಡಿ ವಿಟಮಿನ್ ತಯಾರಾಗುವುದಿಲ್ಲ. ಆ ವಿಟಮಿನ್ ನೆರವಿನಿಂದ ನಮ್ಮ ಭಕ್ಷಕ ಕೋಶಗಳು ಕ್ಷಯದ ಸೂಕ್ಷ್ಮಾಣುವನ್ನು ಕೊಲ್ಲುವ ಅಸ್ತ್ರ ತಯಾರಿಸುತ್ತವೆ ಎಂದು 2006ರಲ್ಲಿ ತಿಳಿದುಬಂತು. ಆದರೆ ಇದನ್ನೇ ಹಿಡಿದು ಡಿ ವಿಟಮಿನ್ ಎಲ್ಲ ಸೋಂಕಿಗೂ ರಾಮಬಾಣ ಎಂದು ಮಾರುವವರನ್ನು ನಂಬಬಾರದು. ಮಂಗೋಲಿಯಾದಲ್ಲಿ 8,851 ಶಾಲಾಮಕ್ಕಳಿಗೆ ಮೂರು ವರ್ಷ ಪ್ರತಿವಾರ ಡಿ ವಿಟಮಿನ್ ಇಲ್ಲವೇ ಬರಿ ಮಾತ್ರೆ ಕೊಟ್ಟು ಹೋಲಿಸಿ ನೋಡಿದಾಗ ಕ್ಷಯದ ಸೋಂಕು ಕಡಿಮೆಯಾಗಲಿಲ್ಲ, 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೊರತೆ ಇದ್ದವರಿಗೆ ಅದು ಬೇಕು, ಅಷ್ಟೇ.

ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವ ನಮ್ಮ ಅಜ್ಜಿಯರ ಪದ್ಧತಿ ಚೆಂದದ್ದು, ಬೆಚ್ಚಗೆ ಇರುತ್ತದೆ. ಆದರೆ ಏಳು ಗಂಟೆಯ ಓರೆಬಿಸಿಲು ಓಝೋನ್ ಪದರವನ್ನು ಉದ್ದಕ್ಕೂ ಹಾದು ಬರುವುದರಿಂದ ಬಿ ಕಿರಣ ಅದರಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಮಧ್ಯಾಹ್ನ ಕೂಸನ್ನು ಹೊರಗಿಡಲಾಗದು. ಅದಕ್ಕೇ ಮಕ್ಕಳ ತಜ್ಞರು ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡಿ ವಿಟಮಿನ್ ಹನಿ ಹಾಕಲು ಹೇಳುತ್ತಾರೆ. ಇತ್ತ ಹೊಲದಲ್ಲಿ ದುಡಿಯುವ ತಾಯಿಗೆ ಡಿ ವಿಟಮಿನ್ನಿಗಾಗಿ ಬೇರೆ ಬಿಸಿಲು ಕಾಯಿಸುವ ಅಗತ್ಯವಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೇಕಾದಷ್ಟು ತಯಾರಾಗುತ್ತದೆ. ಆಮೇಲಿನ ಬಿಸಿಲೆಲ್ಲ ಬರಿಯ ಹೊರೆ.

ನಿರೋಧಕತೆ ತಗ್ಗಿಸುವ ಇದೇ ಗುಣವನ್ನು ವೈದ್ಯರು ಮದ್ದಾಗಿಯೂ ಬಳಸುತ್ತಾರೆ. ಸೋರಿಯಾಸಿಸ್, ತೊನ್ನು ಎರಡರಲ್ಲೂ ಟಿ ಕೋಶಗಳು ಸ್ವಂತ ಚರ್ಮದ ಮೇಲೆ ದಾಳಿ ಮಾಡುತ್ತಿರುತ್ತವೆ. 311 ನ್ಯಾನೊಮೀಟರಿನ ಕಿರಣವನ್ನು ವಾರಕ್ಕೆ ಎರಡು ಮೂರು ಸಲ ಅಳೆದು ಕೊಟ್ಟರೆ ಆ ದಾಳಿ ಇಳಿಯುತ್ತದೆ. ನಮ್ಮ ಆಯುರ್ವೇದ ಬಾವಂಚಿ ಬೀಜ ಕೊಟ್ಟು ಬಿಸಿಲಿಗೆ ಕೂರಿಸುತ್ತಿದ್ದುದೂ ಈ ಜಾಡಿನದೇ. ಅದರಲ್ಲಿರುವ ಸೋರಲೆನ್ ಮತ್ತು ಎ ಕಿರಣ ಸೇರಿಸಿದ ಚಿಕಿತ್ಸೆ 1974ರಿಂದ ಆಧುನಿಕ ವೈದ್ಯದಲ್ಲೂ ನೆಲೆಯಾಗಿದೆ. ಆದರೆ ಬಾವಂಚಿ ಎಣ್ಣೆಯನ್ನು ಮನೆಯಲ್ಲೇ ಹಚ್ಚಿ ನಡುಬಿಸಿಲಿಗೆ ಕೂತರೆ ಬೆಂಕಿ ತಾಗಿದಂತೆ ಬೊಬ್ಬೆ ಏಳುತ್ತದೆ. ಅಳತೆ ಇಲ್ಲದೆ ಆ ಸಾಹಸ ಬೇಡ.

ನಮ್ಮ ಕಪ್ಪು ಚರ್ಮಕ್ಕೆ ಇದೆಲ್ಲ ತಾಗದು ಎನ್ನುವವರುಂಟು. ಮೆಲನಿನ್ ದೊಡ್ಡ ವರ, ಅದರಿಂದಲೇ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಆದರೆ ಕಪ್ಪು ಚರ್ಮದವರಲ್ಲೂ ಕಿರಣಕ್ಕೆ ಕಾವಲು ಕೋಶಗಳು ಕುಗ್ಗುವುದನ್ನು ಪರೀಕ್ಷೆಗಳು ತೋರಿಸಿವೆ. ಬಿಳಿಯರಿಗೆ ಚರ್ಮ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ, ನಮಗೆ ಆ ಎಚ್ಚರಿಕೆಯೂ ಕಾಣುವುದಿಲ್ಲ.

ಹೊಲದ ಕೂಲಿಯವರಿಗೆ ಟಿವಿ ಜಾಹೀರಾತಿನ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಒಂದು ದಿನದ ಕೂಲಿಯೇ ಅದರ ಬೆಲೆಗೆ ಸಾಲದೆ ಹೋಗಬಹುದು. ಅವರೇ ಕಂಡುಕೊಂಡ ಉಪಾಯ ಅದಕ್ಕಿಂತ ಗಟ್ಟಿ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಸೆರಗೋ ಟವೆಲ್ಲೋ ಸುತ್ತಿ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳನ್ನು ನೋಡಿ. ನೇಯ್ಗೆ ಬಿಗಿಯಾಗಿರುವ, ಬಣ್ಣ ಗಾಢವಾಗಿರುವ ಅಂಗಿ ತೆಳು ಬಿಳಿ ಬಟ್ಟೆಗಿಂತ ಹೆಚ್ಚು ಕಿರಣ ತಡೆಯುತ್ತದೆ. ಪಾರ್ಥೇನಿಯಂ ಪುಡಿಯನ್ನೂ ತಡೆಯುತ್ತದೆ. ಮೋಡವಿರುವ ಶ್ರಾವಣದಲ್ಲೂ ಅದನ್ನು ಬಿಡಬೇಡಿ.

ಉಳಿದದ್ದು ಕೆಲಸ ಕೊಡುವವರ ಕೈಯಲ್ಲಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಪರಿಶಿಷ್ಟದಲ್ಲೇ ಕುಡಿಯುವ ನೀರಿನ ಜೊತೆಗೆ ಕೆಲಸದ ಜಾಗದಲ್ಲಿ ನೆರಳು ಒದಗಿಸಬೇಕೆಂದು ಬರೆದಿತ್ತು. ಖಾಸಗಿ ಹೊಲಕ್ಕೆ ಅಂಥ ಕಾಯ್ದೆಯ ಮಾತಿಲ್ಲ. ಬದುವಿನ ಬೇವು, ಬನ್ನಿ ಮರಗಳು ಟ್ರ್ಯಾಕ್ಟರಿಗೆ ಅಡ್ಡವೆಂದು ಹೋದ ಮೇಲೆ ಬುತ್ತಿ ಬಿಚ್ಚುವುದಕ್ಕೂ ಎಷ್ಟೋ ಹೊಲಗಳಲ್ಲಿ ನೆರಳಿಲ್ಲ. ಗೋವಿನಜೋಳದ ರಾಶಿಗೆ ಹೊದಿಸುವ ತಾಡಪತ್ರಿ ರೈತರ ಮನೆಯಲ್ಲಿ ಇದ್ದೇ ಇದೆ. ಅದನ್ನು ನಾಲ್ಕು ಗೂಟಕ್ಕೆ ಕಟ್ಟಿ ಆಳುಗಳಿಗೆ ನೆರಳು ಮಾಡಿಕೊಡಿ. ಬೇಸಿಗೆಯಲ್ಲಿ ಕೆಲಸವನ್ನು ನಸುಕಿಗೆ ಶುರುಮಾಡಿಸಿ, ಹನ್ನೊಂದರಿಂದ ಮೂರರವರೆಗೆ ನಿಲ್ಲಿಸಿ, ಆ ಹೊತ್ತಿನ ಕೂಲಿಯನ್ನು ಕಡಿಯಬೇಡಿ.